ತುರುಗೋಳು ಮತ್ತು ಶಾಲಾ ಶಿಕ್ಷಣ (ಪೂರ್ವ ಆಫ್ರಿಕ)

ಕೀನ್ಯಾ, ಉಗಾಂಡ, ದಕ್ಷಿಣ ಸೂಡಾನ್ ಮತ್ತು ಇಥಿಯೋಪಿಯ ಒಂದಕ್ಕೊಂದು ತಾಗುವ ಒಣಸೀಮೆಯಲ್ಲಿ ಪಶುಪಾಲಕ ಸಮುದಾಯಗಳು ಪರಸ್ಪರ ದನಕರು, ಒಂಟೆ, ಆಡುಗಳನ್ನು ದೋಚುವುದು ಹಳೆಯ ರೂಢಿ. ಕೀನ್ಯಾದ ತುರ್ಕಾನ, ಪೊಕೋಟ್, ಸಂಬುರು, ಮರಕ್ವೆಟ್, ತುಗೆನ್ ಜನ, ಉಗಾಂಡದ ಕರಮೋಜ ಸೀಮೆಯವರು ಇದರಲ್ಲಿ ಒಮ್ಮೆ ದೋಚಿದವರು, ಇನ್ನೊಮ್ಮೆ ದೋಚಿಸಿಕೊಂಡವರು. ತುರುಗಳನ್ನು ಹೊಡೆದೊಯ್ಯುವುದು, ಬಿಡಿಸಿ ತರಲು ಹೋದವನು ಮಡಿಯುವುದು ಕರ್ನಾಟಕದ ವೀರಗಲ್ಲುಗಳನ್ನು ನೋಡಿದವರಿಗೆ ಗೊತ್ತಿರುವ ಕಥೆಯೇ. ಪೂರ್ವ ಆಫ್ರಿಕದಲ್ಲಿ ಅದು ಇನ್ನೂ ಕಲ್ಲಿನ ಮೇಲಿನ ಕಥೆಯಾಗಿಲ್ಲ. ಅದರ ಬಿಸಿ ಬಹಳ ಕಾಲ ತಟ್ಟುವುದು ಶಾಲೆಗೆ.

ಈಟಿ ಹಿಡಿದು ನಡೆಯುತ್ತಿದ್ದ ದಾಳಿಯ ಸ್ವರೂಪ ಬದಲಾದದ್ದು ಬಂದೂಕಿನಿಂದ. 1979ರಲ್ಲಿ ಉಗಾಂಡದಲ್ಲಿ ಇದಿ ಅಮೀನನ ಆಡಳಿತ ಬಿದ್ದಾಗ ಮೊರೊಟೊ ಸೇನಾ ಠಾಣೆಯ ಶಸ್ತ್ರಾಗಾರ ಲೂಟಿಯಾಗಿ ರೈಫಲುಗಳು ಕರಮೋಜದ ಹಟ್ಟಿಗಳಿಗೆ ಸೇರಿದವು. ಸುತ್ತಲಿನ ಯುದ್ಧಗಳಿಂದಲೂ ಆಯುಧಗಳು ಹರಿದುಬಂದವು. ಮದುವೆಗೆ ತೆರ ಕೊಡಲು ಹತ್ತಾರು ದನ ತರುತ್ತಿದ್ದ ಯುವಕರ ಜೊತೆಗೆ, ಕದ್ದ ಹಿಂಡನ್ನು ಲಾರಿಗೆ ತುಂಬಿ ಪೇಟೆಯ ಕಸಾಯಿಖಾನೆಗೆ ಸಾಗಿಸುವ ವ್ಯಾಪಾರವೂ ಬಂತು. 2001ರ ಮಾರ್ಚಿನಲ್ಲಿ ಕೀನ್ಯಾದ ಕೆರಿಯೊ ಕಣಿವೆಯ ಮುರ್ಕುಟ್ವೊದಲ್ಲಿ ಹತ್ತಾರು ಮರಕ್ವೆಟ್ ಜನ ಹತರಾದರು. 2012ರ ನವೆಂಬರಿನಲ್ಲಿ ಅದೇ ದೇಶದ ಬರಗೊಯಿ ಬಳಿ ಕದ್ದ ದನ ಹುಡುಕಿಹೋದ 40ಕ್ಕೂ ಹೆಚ್ಚು ಪೊಲೀಸರೇ ಸತ್ತರು. ಪೊಲೀಸರಿಗೇ ಇಲ್ಲದ ರಕ್ಷಣೆ ಎರಡು ಕೋಣೆಯ ಶಾಲೆಗೆ ಎಲ್ಲಿಂದ ಬರಬೇಕು?

ಶಾಲೆಯೇ ದಾಳಿಗೆ ಸಿಕ್ಕ ಸಂದರ್ಭಗಳಿವೆ. 2005ರ ಜುಲೈ 12ರ ಬೆಳಿಗ್ಗೆ ಉತ್ತರ ಕೀನ್ಯಾದ ತುರ್ಬಿ ಎಂಬಲ್ಲಿ ಗಬ್ರ ಜನರ ಮೇಲೆ ದಾಳಿಯಾದಾಗ ಪ್ರಾಥಮಿಕ ಶಾಲೆಯನ್ನೂ ಬಿಡಲಿಲ್ಲ. ಸತ್ತ 50ಕ್ಕೂ ಹೆಚ್ಚು ಮಂದಿಯಲ್ಲಿ 20ಕ್ಕೂ ಹೆಚ್ಚು ಮಕ್ಕಳಿದ್ದರು. 2022ರ ಫೆಬ್ರುವರಿಯಲ್ಲಿ ಕೆರಿಯೊ ಕಣಿವೆಯಲ್ಲಿ ಪ್ರೌಢಶಾಲೆಯೊಂದರ ಬಸ್ಸಿನ ಮೇಲೆ ಗುಂಡು ಹಾರಿಸಿ ಚಾಲಕನನ್ನು ಕೊಂದರು. ದಕ್ಷಿಣ ಸೂಡಾನಿನ ಮುರ್ಲೆ ದಾಳಿಕೋರರು 2016ರ ಏಪ್ರಿಲಿನಲ್ಲಿ ಇಥಿಯೋಪಿಯದ ಗಂಬೇಲ ಪ್ರಾಂತಕ್ಕೆ ನುಗ್ಗಿ 200ಕ್ಕೂ ಹೆಚ್ಚು ಜನರನ್ನು ಕೊಂದು, ದನಗಳ ಜೊತೆಗೆ 100ಕ್ಕೂ ಹೆಚ್ಚು ಮಕ್ಕಳನ್ನೂ ಹೊತ್ತೊಯ್ದರು.

ಸುದ್ದಿಯಾಗುವುದು ಇಂಥವೇ. ಆದರೆ ಬಹುಪಾಲು ಮಕ್ಕಳ ಓದು ನಿಲ್ಲುವುದು ಗುಂಡಿನ ಸದ್ದಿಲ್ಲದೆ. ಪಶುಪಾಲಕ ಕುಟುಂಬಕ್ಕೆ ಮಂದೆಯೇ ಉಗ್ರಾಣ. ಕೀನ್ಯಾದಲ್ಲಿ 2003ರಿಂದ ಪ್ರಾಥಮಿಕ ಶಿಕ್ಷಣ ಉಚಿತವಾದರೂ ಸಮವಸ್ತ್ರ, ವಸತಿ ಶಾಲೆಯ ಖರ್ಚು, ಮುಂದೆ ಪ್ರೌಢಶಾಲೆಯ ಶುಲ್ಕ ಉಳಿದೇ ಇದ್ದವು. ಅವನ್ನೆಲ್ಲ ಹೊಂದಿಸುವುದು ಆಡು ಮಾರಿ, ತೀರಾ ಬೇಕೆಂದರೆ ಹೋರಿ ಮಾರಿ. ಒಂದು ರಾತ್ರಿಯಲ್ಲಿ ದೊಡ್ಡಿ ಬರಿದಾದರೆ ಹಾಲೂ ಇಲ್ಲ, ಮಾರಲು ಆಡೂ ಇಲ್ಲ. ಅಳಿದುಳಿದ ನಾಲ್ಕು ಪ್ರಾಣಿಗಳನ್ನು ದೂರದ, ಸುರಕ್ಷಿತ ಹುಲ್ಲುಗಾವಲಿಗೆ ಹೊಡೆಯಲು ಹುಡುಗ ಬೇಕಾಗುತ್ತದೆ. ಅವನು ತುಸು ಬೆಳೆದವನಾದರೆ ಕಾವಲಿಗೆ, ಸೇಡಿಗೆ ಕರೆ ಬರುತ್ತದೆ. ಓರಗೆಯವರೆಲ್ಲ ಬಂದೂಕು ಹಿಡಿದು ಹೊರಟಾಗ ಪುಸ್ತಕ ಹಿಡಿದು ಕೂರುವುದು ಹದಿನೈದರ ಹುಡುಗನಿಗೆ ಸುಲಭವಲ್ಲ.

ಹೆಣ್ಣುಮಕ್ಕಳ ಲೆಕ್ಕ ಬೇರೆ. ಮಗಳ ಮದುವೆಗೆ ಬರುವ ತೆರ ದನದ ರೂಪದಲ್ಲಿರುವುದರಿಂದ, ಹಿಂಡು ಕಳೆದುಕೊಂಡ ತಂದೆಗೆ ಮತ್ತೆ ಹಿಂಡು ಕಟ್ಟುವ ದಾರಿ ಮಗಳೇ. ರೂಢಿಯಿರುವ ಸಮುದಾಯಗಳಲ್ಲಿ ಯೋನಿಛೇದನದ ವಿಧಿ, ಅದರ ಬೆನ್ನಿಗೇ ಮದುವೆ, ಅಲ್ಲಿಗೆ ಶಾಲೆ ಮುಗಿಯಿತು. ಯೋನಿಛೇದನವನ್ನೂ ಬಾಲ್ಯವಿವಾಹವನ್ನೂ ಕೀನ್ಯಾದ ಕಾನೂನು ನಿಷೇಧಿಸಿದೆ, ಆದರೆ ದಾಳಿಗೆ ಸಿಕ್ಕ ಊರುಗಳಲ್ಲಿ ಕಾನೂನು ಹೇಳುವ ಅಧಿಕಾರಿಯೇ ಮೊದಲು ಜಾಗ ಖಾಲಿ ಮಾಡಿರುತ್ತಾನೆ.

ಎರಡು ಸಮುದಾಯಗಳ ಗಡಿಯಲ್ಲಿರುವ ಶಾಲೆಗಳ ಪಾಡು ಎಲ್ಲಕ್ಕಿಂತ ಕಷ್ಟ. ಇಬ್ಬರ ಮಕ್ಕಳೂ ಒಟ್ಟಿಗೆ ಕೂರಬಹುದಾಗಿದ್ದದ್ದು ಅಲ್ಲಿಯೇ, ಮೊದಲು ಬಾಗಿಲು ಹಾಕುವುದೂ ಅವೇ. ಹೊರ ಜಿಲ್ಲೆಗಳಿಂದ ಬಂದ ಶಿಕ್ಷಕರು ವರ್ಗಾವಣೆ ಬೇಡುತ್ತಾರೆ, ಇಲ್ಲವೇ ಹೇಳದೆ ಹೊರಡುತ್ತಾರೆ. ಅವರನ್ನು ದೂರುವಂತಿಲ್ಲ. ಖಾಲಿಯಾದ ಕಟ್ಟಡದಲ್ಲಿ ಸಂತ್ರಸ್ತರು ಇಲ್ಲವೇ ಭದ್ರತಾ ಪಡೆ ಬಂದು ಇಳಿಯುತ್ತದೆ. ಶಾಲೆ ಮತ್ತೆ ತೆರೆದರೂ ಮಕ್ಕಳು ಹಿಂದಿನ ತರಗತಿಗೇ ಬರುತ್ತಾರೆ, ಹೀಗಾಗಿ ಮೀಸೆ ಮೂಡಿದವರು ಚಿಕ್ಕವರ ಪಕ್ಕದಲ್ಲಿ ಕೂರಬೇಕಾಗುತ್ತದೆ. 2023ರಲ್ಲಿ ಕೊನೆಗೊಂಡ ಕೀನ್ಯಾದ ಎಂಟನೇ ತರಗತಿಯ ರಾಷ್ಟ್ರೀಯ ಪರೀಕ್ಷೆಯನ್ನು ಬರಿಂಗೊ ಮುಂತಾದೆಡೆ ಪೊಲೀಸ್ ಕಾವಲಿನಲ್ಲಿ ಬರೆದವರೂ ಉಂಟು.

ಇದಕ್ಕೆ ವಿರುದ್ಧವಾದ ಪರಿಣಾಮವೂ ಇದೆ, ಅದನ್ನು ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ. ದನ ಕಳೆದುಕೊಂಡು ಅಲೆಮಾರಿತನ ಬಿಟ್ಟು ಮಿಷನ್, ಪರಿಹಾರ ಕೇಂದ್ರ, ಸಣ್ಣ ಪೇಟೆಗಳ ಅಂಚಿನಲ್ಲಿ ನೆಲೆಸಿದ ತುರ್ಕಾನ ಕುಟುಂಬಗಳ ಮಕ್ಕಳಿಗೆ ಶಾಲೆ ಹತ್ತಿರವಾಯಿತು, ಮಧ್ಯಾಹ್ನದ ಊಟವೂ ಸಿಕ್ಕಿತು. ಕಾಯಲು ಹಿಂಡಿಲ್ಲದ್ದರಿಂದ ಓದಿದವರು ಇವರು. ದಾಖಲಾತಿಯ ಅಂಕಿ ಏರಿದ್ದನ್ನು ಕಂಡು ಹಿಗ್ಗುವ ಮೊದಲು ಅದರ ಬೆಲೆ ಏನೆಂದು ಕೇಳಬೇಕಾಗುತ್ತದೆ.

ದಾಳಿಗಳಿಗೆ ಸರ್ಕಾರಗಳ ಉತ್ತರ ಹೆಚ್ಚಾಗಿ ಬಂದೂಕಿನದೇ. ಉಗಾಂಡ 2001ರಲ್ಲಿ, ಮತ್ತೆ 2006ರಲ್ಲಿ ಕರಮೋಜದ ನಿಶ್ಶಸ್ತ್ರೀಕರಣಕ್ಕೆ ಇಳಿಯಿತು. ಕೆಲವು ವರ್ಷ ತಣ್ಣಗಿದ್ದ ದಾಳಿ 2019ರ ಹೊತ್ತಿಗೆ ಮರಳಿತು. ಕೀನ್ಯಾ 2023ರ ಫೆಬ್ರುವರಿಯಲ್ಲಿ ತುರ್ಕಾನ, ಪಶ್ಚಿಮ ಪೊಕೋಟ್, ಎಲ್ಗೆಯೊ ಮರಕ್ವೆಟ್, ಬರಿಂಗೊ, ಲೈಕಿಪಿಯ, ಸಂಬುರು ಕೌಂಟಿಗಳಿಗೆ ಸೈನ್ಯ ಕಳಿಸಿತು. ಹಾಳುಬಿದ್ದ ಶಾಲೆಗಳ ದುರಸ್ತಿಗೂ ಸೈನಿಕರನ್ನು ಹಚ್ಚಿತು. ಬಂದೂಕಿಲ್ಲದ ದಾರಿಗಳೂ ಇವೆ. ವಸತಿ ಶಾಲೆಗಳು ದಾರಿಯ ಅಪಾಯವನ್ನು ತಪ್ಪಿಸುತ್ತವೆ, ಆದರೆ ಖರ್ಚು ದನವಿದ್ದವರಿಗೆ ಮಾತ್ರ ನಿಲುಕುವಂಥದ್ದು. ನ್ಯೂಯಾರ್ಕ್ ಮ್ಯಾರಥಾನನ್ನು 1994ರಲ್ಲಿ ಗೆದ್ದ ಪೊಕೋಟ್ ಓಟಗಾರ್ತಿ ತೆಗ್ಲಾ ಲೊರೂಪೆ ಕಪೆಂಗುರಿಯದಲ್ಲಿ ಕಟ್ಟಿದ ಶಾಲೆ ಪರಸ್ಪರ ಕಾದಾಡುವ ಸಮುದಾಯಗಳ ಮಕ್ಕಳನ್ನು ಒಂದೇ ಸೂರಿನಡಿ ತರುವ ಯತ್ನ.

1998ರಲ್ಲಿ ಕರಮೋಜದಲ್ಲಿ ಉಗಾಂಡ ಸರ್ಕಾರ ಮತ್ತು ನಾರ್ವೆಯ ಸೇವ್ ದ ಚಿಲ್ಡ್ರನ್ ಸಂಸ್ಥೆ ಆರಂಭಿಸಿದ ಪರ್ಯಾಯ ಮೂಲಶಿಕ್ಷಣ ಯೋಜನೆ, ಶಾಲೆಯ ಗಂಟೆಯನ್ನೇ ದನದ ಗಂಟೆಗೆ ಹೊಂದಿಸಿತು. ಹಟ್ಟಿಯ ಮಗ್ಗುಲಲ್ಲಿ ಮರದಡಿ ಪಾಠ, ದನ ಬಿಡುವ ಮುನ್ನ ಮುಂಜಾನೆ ಒಂದಿಷ್ಟು, ಕೂಡಿದ ಮೇಲೆ ಸಂಜೆ ಒಂದಿಷ್ಟು, ಆಯಾ ಊರಿನ ಬೋಧಕರಿಂದ ಆಯಾ ಮಾತಿನಲ್ಲಿ. ಪಾಠದಲ್ಲಿ ಜಾನುವಾರು ಸಾಕಣೆ, ಆರೋಗ್ಯ, ಶಾಂತಿ ಎಲ್ಲವೂ ಇದ್ದವು. ಅಲ್ಲಿ ಅಕ್ಷರ ಕಲಿತ ಮಗು ಮುಂದೆ ಸರ್ಕಾರಿ ಶಾಲೆಗೆ ಸೇರಬೇಕೆಂಬುದು ಉದ್ದೇಶ. ಆ ಶಾಲೆ ಮಾತ್ರ ಹಟ್ಟಿಯಿಂದ ದೂರ, ಅದರ ಗಂಟೆ ಬೆಳಿಗ್ಗೆ, ದನ ಮೇಯುವ ಹೊತ್ತಿಗೆ.