ಲಕೋಟೆಯೊಳಗಿನ ಸಮ್ಮತಿ

ಜಹೀರಾಬಾದಿನ ಸಂತೆಯಲ್ಲಿ ನಿಂತು ಕಿವಿಗೊಟ್ಟವನು ಕನ್ನಡ, ತೆಲುಗು, ಉರ್ದುಗಳು ಒಂದೇ ವ್ಯಾಪಾರದ ಮಾತಿನಲ್ಲಿ ಬೆರೆತು ಹರಿಯುವುದನ್ನು ಕೇಳುವನು. ಝರಾಸಂಗಮದ ಕೇತಕಿ ಸಂಗಮೇಶ್ವರನಿಗೆ ನಡೆದುಕೊಳ್ಳುವ ಬೀದರಿನ ಭಕ್ತರಿಗೆ ರಾಜ್ಯದ ಗಡಿ ಇಂದಿಗೂ ಅಡ್ಡಿಯಲ್ಲ. ಆದರೆ 1956ರ ನವೆಂಬರ್ 1ರಂದು, ರಾಜ್ಯ ಪುನರ್ವಿಂಗಡಣಾ ಶಾಸನದ ಮೂರನೆಯ ಕಲಮಿನ ಮೇರೆಗೆ, ಬೀದರ್ ಜಿಲ್ಲೆಯ ನಾರಾಯಣಖೇಡ ತಾಲೂಕೂ, ನಿರ್ಣಾ ಸರ್ಕಲನ್ನುಳಿದ ಜಹೀರಾಬಾದ್ ತಾಲೂಕೂ, ಗುಲ್ಬರ್ಗಾ ಜಿಲ್ಲೆಯ ತಾಂಡೂರು ತಾಲೂಕೂ ಆಂಧ್ರಪ್ರದೇಶಕ್ಕೆ ಸೇರಿಹೋದವು.

ಈ ವಿಂಗಡಣೆಯ ಹಿಂದೆ ಕಾಗದಪತ್ರಗಳ ದೊಡ್ಡ ರಾಶಿಯೇ ಇದ್ದಿತು. ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ. ಎಂ. ಪಣಿಕ್ಕರ್ ಇವರನ್ನೊಳಗೊಂಡ ರಾಜ್ಯ ಪುನರ್ವಿಂಗಡಣಾ ಆಯೋಗಕ್ಕೆ ದೇಶದೆಲ್ಲೆಡೆಯಿಂದ 1,52,250 ಲಿಖಿತ ಅಹವಾಲುಗಳು ಬಂದಿದ್ದರೂ, ವಿಚಾರಪೂರ್ವಕವಾದ ಮನವಿಗಳು ಸುಮಾರು 2,000ವನ್ನು ಮೀರಲಿಲ್ಲವೆಂದು 1955ರ ವರದಿಯು ತಿಳಿಸಿತು. ಪತ್ರಗಳನ್ನು ಮತಗಳಂತೆ ಎಣಿಸಿ ತೀರ್ಮಾನಿಸದೆ, ಸದಸ್ಯರು 104 ಊರುಗಳನ್ನು ಸುತ್ತಿ, 9,000ಕ್ಕೂ ಮಿಕ್ಕ ಜನರೊಡನೆ ಎದುರುಬದುರು ಕುಳಿತು ಮಾತಾಡಿದರು. ಬೀದರ್ ಜಿಲ್ಲೆಯಿಡೀ ಹೈದರಾಬಾದ್ ರಾಜ್ಯದಲ್ಲಿರಲೆಂಬ ಅವರ ಸಲಹೆಯೂ ಕೊನೆಗೆ ನಿಲ್ಲಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಸಂವಿಧಾನದ ಐದನೆಯ ತಿದ್ದುಪಡಿಯು, ರಾಜ್ಯಗಳ ವಿಧಾನಮಂಡಲಗಳು ತಮ್ಮ ಅಭಿಪ್ರಾಯವನ್ನು ರಾಷ್ಟ್ರಪತಿಗಳು ಗೊತ್ತುಮಾಡಿದ ಗಡುವಿನೊಳಗೆ ತಿಳಿಸತಕ್ಕದ್ದೆಂದು ವಿಧಿಸಿತು. ಕೇಳಿದ್ದು ವಿಧಾನಮಂಡಲಗಳನ್ನು, ತಾಲೂಕುಗಳಲ್ಲಿ ಜನಮತಗಣನೆ ನಡೆಯಲಿಲ್ಲ.

ಆಯೋಗವು ಪತ್ರಗಳನ್ನು ಮತಗಳಂತೆ ಎಣಿಸದ ಹಾಗೆಯೇ, ದೂರದಲ್ಲಿದ್ದವರ ಸಮ್ಮತಿಯನ್ನು ಕಾಗದದ ಮೂಲಕ ಪಡೆಯುವ ಪದ್ಧತಿಯನ್ನು ಸಭಾಶಾಸ್ತ್ರವು ಮೊದಲಿನಿಂದಲೂ ಸಂಕೋಚದಿಂದಲೇ ಕಂಡಿದೆ. ಅಮೆರಿಕದ ಸೇನಾಧಿಕಾರಿ ಹೆನ್ರಿ ರಾಬರ್ಟ್ 1876ರಲ್ಲಿ ಪ್ರಕಟಿಸಿದ ಸಭಾನಿಯಮಗಳ ಪರಂಪರೆಯಲ್ಲಿ, ಸಂಸ್ಥೆಯ ನಿಬಂಧನೆಗಳೇ ಒಪ್ಪಿದ ಹೊರತು ಅಂಚೆಯ ಮತಕ್ಕೆ ಮಾನ್ಯತೆಯಿಲ್ಲ. ಸಭೆಯಲ್ಲಿ ಕುಳಿತವರ ಮತಗಳೊಡನೆ ಅದನ್ನು ಕೂಡಿಸಲೂ ಕೂಡದು. ಸಭೆಯಲ್ಲಿ ನಿರ್ಣಯವು ತಿದ್ದುಪಡಿ ಹೊಂದಬಹುದು, ಒಬ್ಬನ ಮಾತಿಗೆ ಇನ್ನೊಬ್ಬನು ಮನಸ್ಸು ಬದಲಿಸಬಹುದು. ಅಂಟಿಸಿದ ಲಕೋಟೆಗಾದರೋ ಕಿವಿಯಿಲ್ಲ.

ಜಹೀರಾಬಾದಿನ ಗಡಿ ಬದಲಾದ 1956ನೆಯ ವರ್ಷದಲ್ಲಿಯೇ ಭಾರತದ ಕಂಪನಿ ಶಾಸನವೂ ಜಾರಿಗೆ ಬಂದಿತು. ಅದರ 289ನೆಯ ಕಲಮು, ನಿರ್ದೇಶಕರು ಸಭೆ ಸೇರದೆಯೇ ಸುತ್ತೋಲೆಯಿಂದ ನಿರ್ಣಯ ಕೈಗೊಳ್ಳಲು ಆಸ್ಪದವಿತ್ತಿತಾದರೂ, ಕರಡನ್ನೂ ಅಗತ್ಯ ಕಾಗದಗಳನ್ನೂ ಎಲ್ಲರಿಗೂ ಕಳುಹಿಸಬೇಕೆಂದು ಕಟ್ಟುಪಾಡು ಹಾಕಿತು. 2013ರ ಶಾಸನದ 175ನೆಯ ಕಲಮಿನಲ್ಲಿ ಇನ್ನೂ ಬೆಲೆಯುಳ್ಳ ಮಾತೊಂದಿದೆ: ನಿರ್ದೇಶಕರಲ್ಲಿ ಮೂರನೆಯ ಒಂದು ಪಾಲಿಗೆ ಕಡಮೆಯಿಲ್ಲದಷ್ಟು ಜನ ಸಭೆ ಬೇಕೆಂದರೆ, ಆ ವಿಷಯವನ್ನು ಸಭೆಯ ಮುಂದಿಡಲೇಬೇಕು. ಹಾಗೆ ಕೇಳದೆ ಸುತ್ತೋಲೆಯಲ್ಲೇ ಅಂಗೀಕೃತವಾದ ನಿರ್ಣಯವೂ ಮುಂದಿನ ಸಭೆಯ ನಡವಳಿ ಪುಸ್ತಕದಲ್ಲಿ ದಾಖಲಾಗತಕ್ಕದ್ದು.

ಅಂಚೆಯ ಮತದ ಗೋಪ್ಯವನ್ನು ಕಾಯುವ ಉಪಾಯ 1961ರ ಚುನಾವಣಾ ನಿಯಮಗಳಲ್ಲಿದೆ. ಗುರುತು ಮಾಡಿದ ಮತಪತ್ರವನ್ನು ಚಿಕ್ಕ ಲಕೋಟೆಯಲ್ಲಿಟ್ಟು ಅಂಟಿಸಿ, ಅದನ್ನೂ ಸಹಿಯುಳ್ಳ ಘೋಷಣೆಯನ್ನೂ ದೊಡ್ಡ ಲಕೋಟೆಯಲ್ಲಿಟ್ಟು ಕಳುಹಿಸಬೇಕು. ಎಣಿಸುವವರು ಮೊದಲು ಘೋಷಣೆಯನ್ನು ಪರಿಶೀಲಿಸುವರು. ಅದು ಸರಿಯಿದ್ದರೆ ಮಾತ್ರ ಒಳಗಿನ ಲಕೋಟೆ ತೆರೆಯುವುದು. ಮನುಷ್ಯನ ಹೆಸರು ಒಂದೆಡೆ, ಅವನ ಮನಸ್ಸು ಇನ್ನೊಂದೆಡೆ.

ನಿಯಮಗಳ ಈ ಎಲ್ಲ ಎಚ್ಚರದ ತಿರುಳು ಒಂದೇ: ಕಾಗದದಲ್ಲಿ ಒಪ್ಪಿಗೆ ಕೇಳುವವನು, ‘ಬನ್ನಿ, ಕೂತು ಮಾತಾಡೋಣ’ ಎನ್ನುವ ಹಕ್ಕನ್ನು ಎದುರಿನವನಿಗೆ ಉಳಿಸಿಕೊಡಬೇಕು. ತಾಂಡೂರು, ನಾರಾಯಣಖೇಡಗಳಂಥ ಅಂಚಿನ ಸೀಮೆಗಳಿಗೆ 1956ರಲ್ಲಿ ಅಂಥ ಹಕ್ಕು ಇರಲಿಲ್ಲ. ಗಡಿಯಾಚೆಯ ಕನ್ನಡಿಗರಿಗೆ ಇಂದು ಸುತ್ತೋಲೆ ಕಳುಹಿಸುವ ಯಾವ ಸಂಘವೇ ಆಗಲಿ, ತನ್ನ ನಿಬಂಧನೆಗಳಲ್ಲಿ ಈ ಮಾತನ್ನು ಮೊದಲು ಬರೆದುಕೊಳ್ಳಲಿ.