ಶೇತಸನದಿಯೂ ಶಿಬಂದಿಯೂ: ಮಲಪ್ರಭೆಯ ಸೀಮೆಯಲ್ಲಿ ಸೇವೆಯ ಹಕ್ಕು

ರಾಜ್ಯವೊಂದು ಅಳಿದಾಗ ಅರಸನ ಗತಿಯೇನಾಯಿತೆಂಬುದನ್ನು ಚರಿತ್ರೆಯು ವಿಸ್ತಾರವಾಗಿ ಹೇಳುತ್ತದೆ. ಅವನ ಸೇವಕರ ಗತಿಯೇನಾಯಿತೆಂಬುದನ್ನು ಹೇಳುವುದು ವಿರಳ. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳನ್ನೊಳಗೊಂಡ ಮಲಪ್ರಭೆಯ ಸೀಮೆಯಲ್ಲಿ 1824ರಲ್ಲಿ ಕಿತ್ತೂರಿನ ಸಂಸ್ಥಾನವೂ 1948ರಲ್ಲಿ ರಾಮದುರ್ಗದ ಸಂಸ್ಥಾನವೂ ಕೊನೆಗೊಂಡವು. ಕೆಲಸ ತಪ್ಪಿದವನಿಗೆ ಉಳಿಯುವ ಹಕ್ಕು ಯಾವುದೆಂಬ ಪ್ರಶ್ನೆಗೆ ಈ ಎರಡು ಘಟನೆಗಳು ಬೇರೆಬೇರೆ ಉತ್ತರವನ್ನು ಕೊಟ್ಟಿರುತ್ತವೆ.

ಸೇವೆಗೆ ಪ್ರತಿಯಾಗಿ ಭೂಮಿಯನ್ನು ಕೊಡುವ ಪದ್ಧತಿಯು ಈ ನಾಡಿನಲ್ಲಿ ಪ್ರಾಚೀನವಾದುದು. ರಟ್ಟರ ರಾಜಧಾನಿಯಾಗಿದ್ದ ಸವದತ್ತಿಯು ಶಾಸನಗಳಲ್ಲಿ ಸುಗಂಧವರ್ತಿಯೆಂದು ಹೆಸರುಗೊಂಡಿದೆ. ಕನ್ನಡ ಶಾಸನಗಳಲ್ಲಿ ಇಂಥ ಭೂಮಿಗೆ ಉಂಬಳಿ, ಜೀವಿತ ಎಂಬ ಹೆಸರುಗಳು ದೊರೆಯುತ್ತವೆ. ಜೀವಿತವೆಂಬ ಮಾತೇ ಅರ್ಥಗರ್ಭಿತವಾಗಿದೆ. ಸೇವೆ ತಪ್ಪಿದರೆ ಬಾಳೇ ತಪ್ಪಿದಂತೆ ಎಂಬ ಭಾವವು ಅದರಲ್ಲಡಗಿದೆ. ಇದೇ ಪದ್ಧತಿಯು ಮರಾಠರ ಆಳಿಕೆಯ ಕಾಲಕ್ಕೆ ಶೇತಸನದಿಯೆಂಬ ಹೆಸರನ್ನು ತಳೆಯಿತು. ಶೇತವೆಂದರೆ ಹೊಲ, ಸನದು ಎಂದರೆ ಅರಸನು ಕೊಟ್ಟ ಅಧಿಕಾರಪತ್ರ. ಹೊಲವನ್ನು ಸನದಿನ ಮೂಲಕ ಪಡೆದು, ಊರಿನ ಕಾವಲು, ಕಂದಾಯದ ಕೆಲಸ, ಯುದ್ಧಕಾಲದಲ್ಲಿ ದಂಡಿನ ಸೇವೆ ಇವುಗಳನ್ನು ವಂಶಪಾರಂಪರ್ಯವಾಗಿ ನಡೆಸುವವನೇ ಶೇತಸನದಿ.

ಇವನಿಗೆ ಭಿನ್ನನಾದವನು ಶಿಬಂದಿಯವನು. ಅವನದು ತಿಂಗಳ ಸಂಬಳ. ಬೇಕಾದಾಗ ಇಟ್ಟುಕೊಳ್ಳಬಹುದು, ಬೇಡವಾದಾಗ ಬಿಡಬಹುದು. ದಕ್ಷಿಣದ ಸಂಸ್ಥಾನಗಳಲ್ಲಿ ಮೂರನೆಯ ವರ್ಗವೊಂದೂ ಇದ್ದಿತು. ಜಮಾದಾರನು ತನ್ನ ಜನರನ್ನು ಕರೆತಂದು ದೊರೆಯ ಸೇವೆಗೆ ನಿಲ್ಲಿಸುವನು. ಅವರ ಸಂಬಳವು ಅವನ ಕೈಯಿಂದಲೇ ಸಲ್ಲುವುದು. ಆ ಸಿಪಾಯಿಗೆ ದೊರೆಯ ಪರಿಚಯವಿಲ್ಲ, ದೊರೆಗೆ ಅವನ ಹೊಣೆಯಿಲ್ಲ. ಕಾಯಂ ನೌಕರ, ಹಂಗಾಮಿ ನೌಕರ, ಗುತ್ತಿಗೆಯ ನೌಕರ ಎಂಬ ಇಂದಿನ ಭೇದಗಳು ಹೊಸವಲ್ಲವೆಂದು ಇದರಿಂದ ತಿಳಿಯುವುದು.

1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ಶಿವಲಿಂಗರುದ್ರಸರ್ಜನು ಸಂತಾನವಿಲ್ಲದೆ ತೀರಿಕೊಂಡನು. ಧಾರವಾಡದ ಕಲೆಕ್ಟರನಾದ ಥ್ಯಾಕರೆಯು ದತ್ತಕವನ್ನೊಪ್ಪದೆ ಸಂಸ್ಥಾನವನ್ನು ವಶಪಡಿಸಿಕೊಳ್ಳಲು ಬಂದು, ಅಕ್ಟೋಬರ 23ರ ಕಾಳಗದಲ್ಲಿ ಮಡಿದನು. ಡಿಸೆಂಬರಿನಲ್ಲಿ ಕೋಟೆಯು ಬಿದ್ದಿತು. ರಾಣಿ ಚೆನ್ನಮ್ಮನು ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು. ಸಂಬಳದ ಸಿಪಾಯಿಗೆ ಸಂಸ್ಥಾನದೊಡನೆ ಋಣ ಮುಗಿಯಿತು. ಶೇತಸನದಿಯ ಸಂಗತಿ ಹಾಗಲ್ಲ. ಅವನ ಕೈಯಲ್ಲಿ ಸನದು, ಕಾಲ ಕೆಳಗೆ ಹೊಲ. ಆದರೆ ಸನದನ್ನು ಕೊಟ್ಟ ಮನೆತನವೇ ಇಲ್ಲವಾದ ಮೇಲೆ ಅದರ ಬೆಲೆಯನ್ನು ಹೊಸ ಸರಕಾರವೇ ಕಟ್ಟತೊಡಗಿತು. ಸಂಗೊಳ್ಳಿಯ ರಾಯಣ್ಣನು ಇಂಥ ಶೇತಸನದಿಗಳಲ್ಲೊಬ್ಬನು. ಅವನ ಭೂಮಿಯನ್ನು ಸರಕಾರವು ಕಿತ್ತುಕೊಂಡು, ಉಳಿದುದಕ್ಕೆ ಹೆಚ್ಚಿನ ಕಂದಾಯವನ್ನು ಹೇರಿತು. ದತ್ತಕಪುತ್ರನಾದ ಶಿವಲಿಂಗಪ್ಪನನ್ನು ಗಾದಿಗೆ ತರುವುದು ಅವನ ಬಂಡಾಯದ ಪ್ರಕಟವಾದ ಗುರಿ. ಆದರೆ ಅವನ ಬೆನ್ನಿಗೆ ನಿಂತವರಲ್ಲಿ ಶೇತಸನದಿಗಳು ಅನೇಕರಿದ್ದರೆಂಬುದನ್ನು ಮರೆಯಲಾಗದು. ಬಂಡಾಯಗಾರರು ಸರಕಾರಿ ಕಚೇರಿಗಳಿಗೆ ಬೆಂಕಿಯಿಟ್ಟುದು ಕೇವಲ ಆಕಸ್ಮಿಕವೆನ್ನಲಾಗದು. ಕಂದಾಯದ ಲೆಕ್ಕವು ನಡೆಯುತ್ತಿದ್ದುದು ಅಲ್ಲಿಯೇ. 1831ರ ಜನವರಿ 26ರಂದು ನಂದಗಡದಲ್ಲಿ ರಾಯಣ್ಣನಿಗೆ ಗಲ್ಲಾಯಿತು.

ಮುಂದೆ 1852ರ ಕಾಯಿದೆಯಿಂದ ಇನಾಮು ಕಮಿಶನ್ನು ಬಲಗೊಂಡು, ಇನಾಮಿನ ಒಡೆತನಗಳನ್ನು ಕಾಗದಪತ್ರಗಳ ಒರೆಗೆ ಹಚ್ಚಿತು. 1874ರ ವತನು ಕಾಯಿದೆಯು ಆನುವಂಶಿಕ ಅಧಿಕಾರಗಳನ್ನು ಶಾಸನದ ಕಟ್ಟಿಗೆ ಒಳಪಡಿಸಿತು. ಕೊನೆಗೆ 1961ರಲ್ಲಿ ಮೈಸೂರು ರಾಜ್ಯವು ರಚಿಸಿ 1963ರಲ್ಲಿ ಜಾರಿಗೆ ತಂದ ಕಾಯಿದೆಯು ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನೇ ರದ್ದುಗೊಳಿಸಿತು. ಆದರೂ ಸೇವೆಯ ಭೂಮಿಯನ್ನು, ನಿಗದಿಯಾದ ಹಣವನ್ನು ಕಟ್ಟಿಸಿಕೊಂಡು, ಹಿಡುವಳಿದಾರನಿಗೇ ಮರಳಿ ಕೊಡುವ ಏರ್ಪಾಡು ಅದರಲ್ಲಿದ್ದಿತು. ಸೇವೆ ಹೋದರೂ ಹೊಲ ಉಳಿಯಿತು. ಸನದಿಲ್ಲದೆ ದುಡಿದವನಿಗೆ ಇಂಥದೇನೂ ಇರಲಿಲ್ಲ.

ಭಾವೆಯವರ ಆಳಿಕೆಯ ರಾಮದುರ್ಗವು 1948ರ ಮಾರ್ಚಿನಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಈ ಸಲ ರಕ್ತಪಾತವಿಲ್ಲ, ಒಪ್ಪಂದವುಂಟು. ಭಾರತದ ಸಂಸ್ಥಾನಗಳ ವಿಲೀನ ಒಪ್ಪಂದಗಳಲ್ಲಿ ಹಲವು, ಸಂಸ್ಥಾನದ ಕಾಯಂ ನೌಕರರನ್ನು ಹಿಂದಿನದಕ್ಕೆ ಕಡಿಮೆಯಾಗದ ಷರತ್ತುಗಳ ಮೇಲೆ ಮುಂದುವರಿಸುವ, ಇಲ್ಲವೆ ಯೋಗ್ಯ ಪರಿಹಾರವನ್ನು ಕೊಡುವ ವಚನವನ್ನೊಳಗೊಂಡಿದ್ದವು. ಕಿತ್ತೂರಿನ ಕಾಲಕ್ಕೆ ಹೋಲಿಸಿದರೆ ಇದು ದೊಡ್ಡ ಮುನ್ನಡೆ. ಆದರೆ ವಚನವೆಲ್ಲವೂ ‘ಕಾಯಂ’ ಎಂಬ ಒಂದೇ ಪದದ ಮೇಲೆ ನಿಂತಿತ್ತು. ಸನದಿನ ಸ್ಥಾನಕ್ಕೆ ಆ ಪದವು ಬಂದಿತೆಂದರೆ ಸಲ್ಲುವುದು.

ಈ ಕಟ್ಟನ್ನು ಮೊದಲು ಸಡಿಲಿಸಿದುದು ಕೈಗಾರಿಕಾ ವಿವಾದಗಳ ಕಾಯಿದೆಗೆ 1953ರಲ್ಲಾದ ತಿದ್ದುಪಡಿ. ವರ್ಷವೊಂದರಲ್ಲಿ 240 ದಿನ ದುಡಿದವನನ್ನು ಹೆಚ್ಚುವರಿಯೆಂದು ತೆಗೆಯಬೇಕಾದರೆ ಒಂದು ತಿಂಗಳ ಸೂಚನೆಯನ್ನೂ ಪ್ರತಿಯೊಂದು ವರ್ಷದ ಸೇವೆಗೆ ಹದಿನೈದು ದಿನಗಳ ಸಂಬಳವನ್ನೂ ಕೊಡತಕ್ಕದ್ದೆಂದು ಅದು ವಿಧಿಸಿತು. ಅಲ್ಲಿ ಎಣಿಸಲ್ಪಟ್ಟುದು ಕಾಗದದ ಹೆಸರಲ್ಲ, ದುಡಿದ ದಿನಗಳು.

ಸರಕಾರಿ ನೌಕರಿಯಲ್ಲಿ ಮಾತ್ರ ಹಳೆಯ ಪ್ರಶ್ನೆಯು ತೀರಲಿಲ್ಲ. ನೆರೆಯ ಧಾರವಾಡ ಜಿಲ್ಲೆಯ ಲೋಕೋಪಯೋಗಿ ಇಲಾಖೆಯ ದಿನಗೂಲಿ ನೌಕರರ ಸಂಘವು ತಂದ ಮೊಕದ್ದಮೆಯಲ್ಲಿ ಸುಪ್ರೀಮ್ ಕೋರ್ಟು 1990ರಲ್ಲಿ, ಹತ್ತು ವರ್ಷ ತುಂಬಿದವರನ್ನು ಹಂತಹಂತವಾಗಿ ಕಾಯಂಗೊಳಿಸುವ ಯೋಜನೆಯನ್ನು ಒಪ್ಪಿತು. 2006ರಲ್ಲಿ, ಕರ್ನಾಟಕ ರಾಜ್ಯವೇ ವಾದಿಯಾಗಿದ್ದ ಇನ್ನೊಂದು ಮೊಕದ್ದಮೆಯಲ್ಲಿ, ಅದೇ ನ್ಯಾಯಾಲಯದ ಐವರು ನ್ಯಾಯಾಧೀಶರ ಪೀಠವು ದೀರ್ಘಕಾಲದ ದುಡಿಮೆಯೊಂದರಿಂದಲೇ ಕಾಯಂ ಆಗುವ ಹಕ್ಕು ಹುಟ್ಟದೆಂದು ತೀರ್ಮಾನಿಸಿತು. ಯೋಗ್ಯರಾದ ಹಳಬರಿಗೆ ಒಂದು ಬಾರಿಯ ರಿಯಾಯತಿಯನ್ನಷ್ಟೇ ಉಳಿಸಿತು. ಬಾಗಿಲ ಹೊರಗೆ ಕಾದಿರುವ ಇತರ ಅರ್ಹರ ಸಮಾನಾವಕಾಶವೂ ಆ ತೀರ್ಪಿನ ತಕ್ಕಡಿಯಲ್ಲಿದ್ದಿತೆಂಬುದನ್ನು ಅಲ್ಲಗಳೆಯಲಾಗದು.

ಹೀಗೆ ಹಕ್ಕಿನ ಆಧಾರವು ಸನದಿನಿಂದ ಪದಕ್ಕೆ, ಪದದಿಂದ ದಿನಗಳ ಎಣಿಕೆಗೆ ಸರಿಯುತ್ತ, ಮತ್ತೆ ಪದದ ಕಡೆಗೇ ವಾಲಿರುತ್ತದೆ. ರಾಯಣ್ಣನ ಹೆಸರು ಉಳಿದಿದೆ. ಅವನ ಕಾಲದ ಶಿಬಂದಿಯವನ ಹೆಸರು ಉಳಿದಿಲ್ಲ. ಕಳೆದುಕೊಂಡೆನೆಂದು ಹೇಳಿಕೊಳ್ಳಲು ಅವನಿಗೆ ಒಂದು ತುಂಡು ಕಾಗದವೂ ಇರಲಿಲ್ಲ.