ಮುದ್ರಣ ಮ್ಯಾಕ್ರೊ

ಕಡತದ ಯಾವ ಪುಟಗಳು, ಎಷ್ಟು ಪ್ರತಿ, ಯಾವ ಟ್ರೇಯ ಹಾಳೆಯ ಮೇಲೆ ಅಚ್ಚಾಗಬೇಕೆಂದು ಮೊದಲೇ ಬರೆದಿಟ್ಟು, ಒಂದೇ ಗುಂಡಿಯಿಂದ ನಡೆಸುವ ಕಿರು ಪ್ರೋಗ್ರಾಂ. ಮೈಕ್ರೋಸಾಫ್ಟ್ ವರ್ಡ್‌ನಲ್ಲಿ 1997ರ ಆವೃತ್ತಿಯಿಂದ ಇದನ್ನು ವಿಬಿಎ ಭಾಷೆಯಲ್ಲಿ ಬರೆಯುತ್ತಾರೆ. ಲಿಬ್ರೆಆಫೀಸ್‌ಗೆ ತನ್ನದೇ ಬೇಸಿಕ್ ಇದೆ.

ಇದರ ಬೆಲೆ ತಿಳಿಯುವುದು ಬಾಂಡ್ ಪೇಪರಿನ ಕೆಲಸದಲ್ಲಿ. ತಾಲ್ಲೂಕು ಊರುಗಳ ಡಿಟಿಪಿ ಅಂಗಡಿಗೆ ಬರುವ ಬಾಡಿಗೆ ಕರಾರು, ಅಫಿಡವಿಟ್‌ಗಳಲ್ಲಿ ಮೊದಲ ಪುಟ ಇ-ಸ್ಟಾಂಪ್ ಹಾಳೆಯ ಮೇಲೆ, ಉಳಿದವು ಸಾದಾ ಹಾಳೆಯ ಮೇಲೆ ಬರಬೇಕು. ಸ್ಟಾಂಪ್ ಹಾಳೆಯ ಮೇಲ್ಭಾಗವನ್ನು ಪ್ರಮಾಣಪತ್ರದ ವಿವರವೇ ತುಂಬಿರುತ್ತದೆ. ಬರಹ ಅದರ ಕೆಳಗಿನಿಂದ ಶುರುವಾಗಬೇಕು. ತಪ್ಪಿ ಅಚ್ಚಾದರೆ ಕಕ್ಷಿದಾರ ಕಟ್ಟಿದ ಶುಲ್ಕದ ಹಾಳೆಯೇ ಕೆಟ್ಟಂತೆ. ಆ ಹಣ ವಾಪಸು ಬೇಕೆಂದರೆ ಅರ್ಜಿ ಕೊಟ್ಟು ಓಡಾಡಬೇಕು. ಮ್ಯಾಕ್ರೊ ಈ ನಷ್ಟ ತಪ್ಪಿಸುತ್ತದೆ: ‘ಫಸ್ಟ್‌ಪೇಜ್‌ಟ್ರೇ’ಗೆ ಕೈಯಿಂದ ಹಾಳೆ ಕೊಡುವ ದಾರಿ, ‘ಅದರ್‌ಪೇಜಸ್‌ಟ್ರೇ’ಗೆ ಮಾಮೂಲಿ ಟ್ರೇ, ಮೊದಲ ಪುಟಕ್ಕೆ ಮಾತ್ರ ಎತ್ತರದ ಹೆಡರ್ ಇಟ್ಟರೆ ಬರಹ ತಾನಾಗಿ ಕೆಳಗಿಳಿಯುತ್ತದೆ. ಕೊನೆಗೆ ‘ಪ್ರಿಂಟ್‌ಔಟ್’ ಆದೇಶ. ಮ್ಯಾಕ್ರೊಗೆ ‘ಫೈಲ್‌ಪ್ರಿಂಟ್‌ಡಿಫಾಲ್ಟ್’ ಎಂದು ಹೆಸರಿಟ್ಟರೆ ವರ್ಡ್‌ನ ಕ್ವಿಕ್ ಪ್ರಿಂಟ್ ಗುಂಡಿಯೇ ಇದನ್ನು ನಡೆಸುತ್ತದೆ.

ಕನ್ನಡಕ್ಕೆ ಇನ್ನೊಂದು ಎಚ್ಚರ ಬೇಕು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳು ಕನ್ನಡವನ್ನು ಇಂಗ್ಲಿಷ್ ಅಕ್ಷರಗಳ ಸಂಕೇತದಲ್ಲೇ ಉಳಿಸುತ್ತಿದ್ದವು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕರಾರುಪತ್ರ ಅರ್ಥವಿಲ್ಲದ ಅಕ್ಷರಗಳಾಗಿ ಅಚ್ಚಾಗುತ್ತದೆ. ‘ಫಾಂಟ್‌ನೇಮ್ಸ್’ ಪಟ್ಟಿಯಲ್ಲಿ ಹುಡುಕಿ, ಫಾಂಟ್ ಸಿಗದಿದ್ದರೆ ಎಚ್ಚರಿಕೆ ತೋರಿಸಿ ಮುದ್ರಣ ನಿಲ್ಲಿಸುವ ನಾಲ್ಕು ಸಾಲು ಪ್ರತಿ ಮ್ಯಾಕ್ರೊದಲ್ಲೂ ಇರಲೇಬೇಕು. ಆದರೆ ಆ ಎಚ್ಚರಿಕೆಯನ್ನು ವಿಬಿಎ ಸಂಪಾದಕದಲ್ಲಿ ಕನ್ನಡದಲ್ಲೇ ಟೈಪಿಸಿದರೆ ಅಕ್ಷರಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಮೂಡುತ್ತವೆ. ಲಿಬ್ರೆಆಫೀಸ್‌ನಲ್ಲಿ ಈ ತೊಡಕಿಲ್ಲ.

ಹಿನ್ನೆಲೆ ಮುದ್ರಣ ಚಾಲೂ ಇದ್ದರೆ ಅಚ್ಚು ಮುಗಿಯುವ ಮೊದಲೇ ಮ್ಯಾಕ್ರೊ ಮುಂದಿನ ಸಾಲಿಗೆ ಹೋಗುತ್ತದೆ. ಕಡತ ಮುಚ್ಚುವ ಸಾಲು ಅಲ್ಲಿದ್ದರೆ ಕೆಲಸ ಅರ್ಧಕ್ಕೆ ನಿಲ್ಲಬಹುದು. ‘ಬ್ಯಾಕ್‌ಗ್ರೌಂಡ್’ ಆಯ್ಕೆಯನ್ನು ‘ಫಾಲ್ಸ್’ ಮಾಡುವುದು, ಲಿಬ್ರೆಆಫೀಸ್‌ನಲ್ಲಾದರೆ ‘ವೇಟ್’ ಅನ್ನು ‘ಟ್ರೂ’ ಮಾಡುವುದು ಇದಕ್ಕೆ ಪರಿಹಾರ.

ಮ್ಯಾಕ್ರೊಗಳಿಂದ ಅಪಾಯವೂ ಉಂಟು: 1999ರ ಮೆಲಿಸಾ ವೈರಸ್ ಹರಡಿದ್ದು ವರ್ಡ್ ಮ್ಯಾಕ್ರೊ ಮೂಲಕವೇ. 2022ರಿಂದ ಇಂಟರ್ನೆಟ್ಟಿನಿಂದ ಬಂದ ಕಡತಗಳ ಮ್ಯಾಕ್ರೊಗಳನ್ನು ಮೈಕ್ರೋಸಾಫ್ಟ್ ತಾನಾಗಿಯೇ ತಡೆಯುತ್ತಿದೆ.

ಮ್ಯಾಕ್ರೊದಲ್ಲಿ ಕೊಡುವ ಟ್ರೇಯ ಸಂಖ್ಯೆ ಎಲ್ಲ ಪ್ರಿಂಟರಿಗೂ ಒಂದೇ ಅಲ್ಲ. ಯಂತ್ರ ಬದಲಾದಾಗ ಮೊದಲು ಖಾಲಿ ಹಾಳೆಯ ಮೇಲೆ ಪರೀಕ್ಷಿಸಿ, ಆಮೇಲಷ್ಟೇ ಸ್ಟಾಂಪ್ ಹಾಳೆ ಇಡಬೇಕು.